ಟೇಲ್‌ಸ್ಟಾಕಿಗೆ ಒಂದು ತಟ್ಟು

ಕೊರೊನಾ ಕಳೆದು ಕಾಲೇಜುಗಳು ಸರಿಯಾಗಿ ತೆರೆದ ಮರುವರ್ಷದ ಮಾತು. ನಾನಾಗ ಶಿಕಾರಿಪುರದ ಒಂದು ಪಾಲಿಟೆಕ್ನಿಕ್‌ನಲ್ಲಿ ವರ್ಕ್‌ಶಾಪ್ ಇನ್‌ಸ್ಟ್ರಕ್ಟರ್. ಊರು ಸೊರಬದ ಕಡೆ. ದಿನಾ ಬಸ್ಸಿನಲ್ಲಿ ಬಂದು ಹೋಗುವುದು. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಅಷ್ಟರಲ್ಲಿ ಇಪ್ಪತ್ತೊಂಬತ್ತು ವರ್ಷ ಒಂದೇ ಲೇತಿನ ಮುಂದೆ ನಿಂತಿದ್ದೆ. ಲೇತ್ ಎಂದರೆ ಕಬ್ಬಿಣದ ಸರಳನ್ನು ತಿರುಗಿಸುತ್ತ, ಹೆರೆದು, ಬೇಕಾದ ಅಳತೆಗೆ ತರುವ ಯಂತ್ರ. ‘ಈ ಲೇತಿನ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಯಾವುದೂ ಇಲ್ಲ’ ಎಂದು ಪ್ರತಿ ಹೊಸ ಬ್ಯಾಚಿಗೂ ಹೇಳುತ್ತಿದ್ದೆ. ಹೇಳುವಾಗ ಎದೆಯನ್ನೂ ಸ್ವಲ್ಪ ಉಬ್ಬಿಸುತ್ತಿದ್ದೆನೆಂದು ಕಾಣುತ್ತದೆ.

ಐದನೇ ಸೆಮಿಸ್ಟರಿನಲ್ಲಿ ಡಿಸೈನ್ ಕೋರ್ಸ್. ನಾಲ್ಕು ಜನರ ತಂಡ ಒಂದು ಯಂತ್ರವನ್ನು ತಾವೇ ಯೋಚಿಸಿ, ಡ್ರಾಯಿಂಗ್ ಬರೆದು, ತಮ್ಮ ಕೈಯಾರೆ ತಯಾರಿಸಬೇಕು. ಆ ಬ್ಯಾಚು ಮೊದಲ ವರ್ಷದ ವರ್ಕ್‌ಶಾಪನ್ನು ಮೊಬೈಲಿನಲ್ಲಿ ನೋಡಿಯೇ ಪಾಸಾಗಿತ್ತು. ಕಂಪ್ಯೂಟರಿನಲ್ಲಿ ಇಡೀ ಎಂಜಿನ್ ಬಿಡಿಸುತ್ತಿದ್ದವರಿಗೆ ಸುತ್ತಿಗೆ ಹಿಡಿಯಲು ಬರುತ್ತಿರಲಿಲ್ಲ. ಅವರ ಕೈಯಲ್ಲಿ ಮೊಬೈಲ್ ಕಂಡರೆ ಸಾಕು, ನನಗೆ ಮೈ ಉರಿಯುತ್ತಿತ್ತು.

ನಾನು ಹೇಳಹೊರಟ ತಂಡ ಆರಿಸಿಕೊಂಡದ್ದು ಕೈಯಿಂದ ತಿರುಗಿಸಿ ಮೆಕ್ಕೆಜೋಳ ಬಿಡಿಸುವ ಯಂತ್ರವನ್ನು. ನಾಯಕ ಸೊರಬದ ಮಂಜುನಾಥ. ಲೇತಿನ ಕೆಲಸ ರೇಣುಕಾಳದು. ಬಳ್ಳಿಗಾವಿ ಹತ್ತಿರದ ಹುಡುಗಿ, ಮನೆಯಲ್ಲಿ ಕುರಿ ಸಾಕಣೆ. ಅವಳಿಗೆ ಕಾರ್ಖಾನೆಯಲ್ಲಿ ಲೇತ್ ನಡೆಸುವ ಟರ್ನರ್ ಅಪ್ರೆಂಟಿಸ್ ಆಗಿ ಸೇರುವ ಆಸೆ. ಅದಕ್ಕೆ ‘ಲೇತಿನ ಮೇಲೆ ಸ್ವತಂತ್ರವಾಗಿ ಕೆಲಸ ಮಾಡಬಲ್ಲಳು’ ಎಂದು ನಾನು ಅವಳ ರೆಕಾರ್ಡ್ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕಿತ್ತು. ಪ್ರಾಜೆಕ್ಟಿನ ಶಾಫ್ಟ್, ಅಂದರೆ ಯಂತ್ರದ ನಡುವೆ ತಿರುಗುವ ಸರಳು, ಸರಿಯಾಗಿ ಬಂದರೆ ಸಹಿ, ಬರದಿದ್ದರೆ ಇಲ್ಲ. ನನ್ನ ನಿಯಮ ಅಷ್ಟೇ.

ಶಾಫ್ಟ್ ಆರುನೂರು ಮಿಲಿಮೀಟರ್ ಉದ್ದ, ಇಪ್ಪತ್ತೈದು ಮಿಲಿಮೀಟರ್ ದಪ್ಪ. ಎರಡೂ ತುದಿಗೆ ಬೇರಿಂಗ್ ಕೂರಬೇಕು. ರೇಣುಕಾ ಮಾಡಿದ ಮೊದಲ ಶಾಫ್ಟ್ ಎಡತುದಿಯಲ್ಲಿ 25.00 ಇತ್ತು, ಬಲತುದಿಯಲ್ಲಿ 24.84. ವ್ಯತ್ಯಾಸ ಎರಡು ತಲೆಗೂದಲಿನಷ್ಟು. ಆದರೂ ಬೇರಿಂಗ್ ಒಂದು ಕಡೆ ಗಟ್ಟಿಯಾಗಿ ಕೂತು, ಇನ್ನೊಂದು ಕಡೆ ಲೊಡಲೊಡ ಅಲ್ಲಾಡಿತು. ಹೆರೆದ ಕಬ್ಬಿಣವನ್ನು ಮತ್ತೆ ಅಂಟಿಸಲಾಗುವುದಿಲ್ಲ. ಎರಡನೆಯ ಶಾಫ್ಟಿಗೆ ಅವಳು ಇಡೀ ಮಧ್ಯಾಹ್ನ ತೆಗೆದುಕೊಂಡಳು. ಬಲತುದಿ 24.85.

ಮಂಜುನಾಥನಿಗೆ ತಾಳ್ಮೆ ತಪ್ಪಿತು. “ಸರ್, ಇರೋದು ಇನ್ನೊಂದೇ ರಾಡು. ಇವ್ಳು ರಿಪೋರ್ಟ್ ಬರೀಲಿ, ಲೇತ್ ನಾನ್ ನೋಡ್ಕೋತೀನಿ.”

ರೇಣುಕಾ ನನ್ನ ಕಡೆ ತಿರುಗಿದಳು. “ಸರ್, ಎರಡೂ ಸಲ ಒಂದೇ ಕಡೆ ಕಮ್ಮಿ ಬಂದೈತ್ರಿ, ಹೆಚ್ಚುಕಮ್ಮಿ ಅಷ್ಟಕ್ಕಷ್ಟೇ. ಕೈ ತಪ್ಪಿದ್ರೆ ಹಂಗ ಬರಂಗಿಲ್ರಿ. ಲೇತ್‌ನಾಗ ಏನೋ ಐತ್ರಿ.”

ನನ್ನ ಲೇತಿಗೆ ಹೆಸರಿಡುವುದೆಂದರೇನು! “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದೆ. ಹುಡುಗರು ನಕ್ಕರು. ಅವಳು ದಪ್ಪ ಅಳೆಯುವ ಮೈಕ್ರೋಮೀಟರನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟು ಹೇಳಿದಳು: “ಹಂಗಾದ್ರ ಒಂದ್ ಸಲ ನೀವೇ ಮಾಡಿ ತೋರ್ಸ್ರಿ ಸರ್. ನಾ ವಿಡಿಯೋ ಮಾಡ್ಕೊಂತೀನಿ.”

ವಿಡಿಯೋ ಎಂದಕೂಡಲೇ ಸಿಡುಕಿದೆ. ಆದರೂ ತೋರಿಸುವ ಚಪಲ ಹೆಚ್ಚಾಯಿತು. ಅವಳದೇ ಹಾಳಾದ ಶಾಫ್ಟನ್ನು ಲೇತಿಗೆ ಹಾಕಿ ಇಪ್ಪತ್ನಾಲ್ಕಕ್ಕೆ ಇಳಿಸಿದೆ. ಎರಡೂ ತುದಿ 24.00, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. “ಈಗೇನಂತೀಯಮ್ಮ?” ಎಂದೆ. ಅವಳು ವಿಡಿಯೋ ನಿಲ್ಲಿಸಿ ಮೊಬೈಲನ್ನು ಚೀಲಕ್ಕೆ ಹಾಕಿಕೊಂಡಳು. ಸೋಮವಾರದಿಂದ ಲೇತ್ ಮಂಜುನಾಥನಿಗೆ ಎಂದು ತೀರ್ಪು ಕೊಟ್ಟು ಬಸ್ಸು ಹಿಡಿದೆ.

ಸೋಮವಾರ ನಾನು ವರ್ಕ್‌ಶಾಪಿನ ಬೀಗ ತೆಗೆಯುವಾಗಲೇ ರೇಣುಕಾ ಬಾಗಿಲಲ್ಲಿ ನಿಂತಿದ್ದಳು. ಅವಳ ಹಿಂದೆ ತಂಡದ ಉಳಿದ ಮೂವರು. “ಸರ್, ಸಿಟ್ಟಾಗಬ್ಯಾಡ್ರಿ. ಇದನ್ನ ನೋಡ್ರಿ” ಎಂದು ಮೊಬೈಲ್ ಹಿಡಿದಳು. “ಟೇಲ್‌ಸ್ಟಾಕ್ ಲಾಕ್ ಮಾಡೋಕಿಂತ ಮುಂಚೆ ಎಡಗೈಲೆ ಒಂದು ತಟ್ಟು ತಟ್ತೀರಿ. ಅದು ಯಾಕ್ರಿ?”

“ಯಾವ ತಟ್ಟು?”

ಲೇತಿನ ಬಲಗಡೆ, ಹಳಿಯ ಮೇಲೆ ಸರಿದು ಬಂದು ಸರಳಿನ ತುದಿಯನ್ನು ಆತುಕೊಳ್ಳುವ ಭಾಗವೇ ಟೇಲ್‌ಸ್ಟಾಕ್. ವಿಡಿಯೋದಲ್ಲಿ ನಾನು ಅದನ್ನು ಸರಿಸಿ ತಂದೆ, ಅಂಗೈಯಿಂದ ಆಚೆಗೊಮ್ಮೆ ತಟ್ಟಿದೆ, ಲಾಕ್ ಮಾಡಿದೆ. ಮೂರು ಸಲ ಹಾಕಿಸಿ ನೋಡಿದೆ. ಮೂರು ಸಲವೂ ತಟ್ಟಿದ್ದು ನನ್ನ ಕೈಯೇ. ಹಾಗೆ ತಟ್ಟುತ್ತೇನೆಂಬುದು ನನಗೆ ಗೊತ್ತೇ ಇರಲಿಲ್ಲ!

“ಇದು ನಿನಗೆ ಹೇಗೆ ಹೊಳೀತು?” ಎಂದೆ.

“ಕುರಿ ಕುಂಟಿದ್ರ ಕಾಲ್ ನೋಡಬ್ಯಾಡ, ದೂರ ನಿಂತು ನಡಿಗಿ ನೋಡು ಅಂತಾನ್ರಿ ನಮ್ಮಪ್ಪ. ಅದಕ್ಕ ಶಾಫ್ಟ್ ಬಿಟ್ಟು ನಿಮ್ಮನ್ನ ನೋಡ್ದೆ.”

ಕೂದಲೆಳೆಯ ವ್ಯತ್ಯಾಸವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಇಟ್ಟು ನೋಡಿದೆವು. ವರ್ಷಗಟ್ಟಲೆ ಸವೆದ ಹಳಿಯ ಮೇಲೆ ಟೇಲ್‌ಸ್ಟಾಕ್ ಕೂದಲೆಳೆಯಷ್ಟು ನನ್ನ ಕಡೆಗೆ ವಾಲಿ ನಿಲ್ಲುತ್ತಿತ್ತು. ಯಾವಾಗಲೋ ನನ್ನ ಕೈ ಅದನ್ನು ಕಂಡುಕೊಂಡು, ತಟ್ಟಿ ಸರಿಮಾಡುವುದನ್ನು ಕಲಿತಿತ್ತು. ತಲೆಗೆ ಸುದ್ದಿ ಮುಟ್ಟಿಸಿರಲಿಲ್ಲ. ಚಿಕ್ಕ ಕೆಲಸಗಳಲ್ಲಿ ಈ ದೋಷ ಕಾಣದು. ಆದರೆ ಉದ್ದದ ಶಾಫ್ಟ್ ಮಾಡಹೋಗಿ ಎಷ್ಟು ಮಕ್ಕಳು ನನ್ನಿಂದ ಬೈಸಿಕೊಂಡಿದ್ದರೋ, ಎಷ್ಟು ಜನರ ಅಂಕ ಕತ್ತರಿಸಿದ್ದೆನೋ! ಅದನ್ನು ನೆನೆದು ನಾಚಿಕೆಯಾಯಿತು. ನಾಲ್ವರ ಎದುರಿಗೇ ಹೇಳಿದೆ: “ತಪ್ಪು ನಂದು. ನೆಲಾನೇ ಡೊಂಕಿತ್ತು ಕಣಮ್ಮ.”

ಹಳಿ ಬದಲಿಸುವುದು ನಮ್ಮಿಂದಾಗದ ಕೆಲಸ. ಟೇಲ್‌ಸ್ಟಾಕ್ ತಾನಾಗಿ ನಿಲ್ಲುವ ಜಾಗದಲ್ಲೇ ನೇರ ಬರುವಂತೆ ಪಕ್ಕದ ಸ್ಕ್ರೂಗಳನ್ನು ಹೊಂದಿಸಬೇಕಿತ್ತು. ರೇಣುಕಾ ಸ್ಕ್ರೂ ತಿರುಗಿಸಿದಳು, ಮಂಜುನಾಥ ಡಯಲ್ ಓದಿದ, ಒಬ್ಬ ಬರೆದುಕೊಂಡ, ಇನ್ನೊಬ್ಬ ಟಾರ್ಚ್ ಹಿಡಿದ. ಕಳೆದ ವಾರ ಮುಖ ತಿರುಗಿಸಿಕೊಂಡಿದ್ದ ತಂಡ ಅರ್ಧ ದಿನ ಒಂದೇ ಮುಳ್ಳಿನ ಮೇಲೆ ಕಣ್ಣಿಟ್ಟು ನಿಂತಿತು. ಮುಳ್ಳು ಸೊನ್ನೆಗೆ ಬಂದಾಗ ಮಂಜುನಾಥ ಕೊನೆಯ ರಾಡನ್ನು ತಾನೇ ಎತ್ತಿ ಅವಳಿಗೆ ಕೊಟ್ಟ. “ತಗ ಮಾರಾಯ್ತಿ, ನೀನೇ ಮಾಡು. ಮೊನ್ನೆ ಅಂದಿದ್ದು ಮನಸ್ಸಿಗೆ ಹಚ್ಕೋಬೇಡ.”

ಎಡತುದಿ 25.00, ಬಲತುದಿ 24.99. ಬೇರಿಂಗುಗಳು ಎರಡೂ ಕಡೆ ಒಂದೇ ಬಿಗಿಯಲ್ಲಿ ಕೂತವು. ವಾರದ ಕೊನೆಗೆ ಯಂತ್ರ ತಿರುಗಿತು. ಹುಡುಗರು ತಾಳಗುಂದದಿಂದ ತಂದ ಒಂದು ಚೀಲ ತೆನೆ ವರ್ಕ್‌ಶಾಪಿನ ನೆಲದ ತುಂಬ ಕಾಳಾಯಿತು. ರೇಣುಕಾಳ ರೆಕಾರ್ಡಿನಲ್ಲಿ ಬರೆಯಬೇಕಾದ್ದನ್ನು ಬರೆದು, ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ‘ಯಂತ್ರದ ದೋಷವನ್ನೂ ಕಂಡುಹಿಡಿಯಬಲ್ಲಳು.’ ಯಾರ ದೋಷ ಎಂದು ಪೂರ್ತಿ ಬರೆಯುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

ತಮಾಷೆ ಆಮೇಲಿನದು. ಟೇಲ್‌ಸ್ಟಾಕ್ ಸರಿಹೋಯಿತು, ನನ್ನ ಕೈ ಸರಿಹೋಗಲಿಲ್ಲ. ಮುಂದಿನ ವಾರ ಇನ್ನೊಂದು ತಂಡಕ್ಕೆ ಶಾಫ್ಟ್ ಮಾಡಿ ತೋರಿಸಿದರೆ ಬಲತುದಿ ದಪ್ಪ! ಅಭ್ಯಾಸಬಲದಿಂದ ತಟ್ಟಿ ನಾನೇ ಕೆಡಿಸಿದ್ದೆ. ಅಂದಿನಿಂದ ನಾನು ಲೇತಿನ ಹತ್ತಿರ ಹೋದರೆ ಯಾರಾದರೊಬ್ಬರು “ಸರ್, ಕೈ!” ಎಂದು ಕೂಗುವುದು ರೂಢಿಯಾಯಿತು. ನಾನೂ ಕೈ ಹಿಂದಕ್ಕೆ ಕಟ್ಟಿಕೊಳ್ಳುತ್ತಿದ್ದೆ. ಕೆಲಸ ಕಲಿತ ಕೈಗೆ ತಾನು ಏನು ಮಾಡುತ್ತಿದ್ದೇನೆಂಬುದು ತಿಳಿಯದು, ಅದನ್ನು ಪಕ್ಕದಲ್ಲಿ ನಿಂತವರೇ ಹೇಳಬೇಕು. ತಂಡ ಬೇಕಾಗುವುದು ಅದಕ್ಕೇ. ಮಕ್ಕಳಿಗೆ ಅಷ್ಟು ವರ್ಷ ಪಾಠ ಹೇಳಿದ ನಾನು ಇದನ್ನು ಕಲಿತದ್ದು ಕೊನೆಯ ಎರಡು ವರ್ಷದಲ್ಲಿ.

ನನ್ನ ಬೀಳ್ಕೊಡುಗೆಗೆ ರೇಣುಕಾ ಕಾರ್ಖಾನೆಗೆ ರಜೆ ಹಾಕಿ ಬಂದಿದ್ದಳು. ಮಾತಾಡಲು ಎದ್ದೆ. ಮೈಕಿನ ಕಂಬವನ್ನು ಹತ್ತಿರಕ್ಕೆ ಸರಿಸಿ, ಇನ್ನೇನು ಬಾಯಿ ತೆರೆಯಬೇಕು, ಹಿಂದಿನ ಸಾಲಿನಿಂದ ಅವಳ ದನಿ ಬಂತು.

“ಸರ್, ಕೈ!”

ನೋಡಿಕೊಂಡೆ. ಎಡಗೈ ಆಗಲೇ ಕಂಬವನ್ನು ತಟ್ಟಿ ಆಗಿತ್ತು.