ಕಾಕಾ ತಂದ ಗಿಲಕಿ

ನಾನು ಓದುತ್ತಿದ್ದ ಮದರಾಸಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಕಪಾಟು ತೆರೆದಾಗಲೆಲ್ಲ ಡಾಂಬರು ಗುಳಿಗೆಯ ವಾಸನೆ ಬರುತ್ತಿತ್ತು. ಅದರ ಜೊತೆಗೆ ಹೊಸಪೇಟೆಯ ನಮ್ಮ ಪಡಸಾಲೆಯೂ ಬಂದು ನಿಲ್ಲುತ್ತಿತ್ತು. ಅಪ್ಪನ ತಮ್ಮ, ನಮ್ಮ ಕಾಕಾ, ಹಡಗಿನ ಕಂಪನಿಯಲ್ಲಿ ಗುಮಾಸ್ತನಾಗಿದ್ದ. ನಾಗರಪಂಚಮಿಯ ಹೊತ್ತಿಗೆ ಊರಿಗೆ ಬರುತ್ತಿದ್ದ. ಸಮುದ್ರ ದಾಟಿದವನೆಂದು ಅಜ್ಜಿ ಹಿತ್ತಲಲ್ಲೇ ಅವನ ತಲೆಗೆ ನೀರು ಹಾಕಿಸಿ, ಪಂಚಗವ್ಯ ಕುಡಿಸಿ, ಆಮೇಲೆ ಒಳಗೆ ಬಿಡುತ್ತಿದ್ದಳು. ಒದ್ದೆ ಕೂದಲಲ್ಲೇ ಅವನು ಟ್ರಂಕು ಬಿಚ್ಚುತ್ತಿದ್ದ. ಗುಳಿಗೆಗಳ ನಡುವೆ ಮಡಿಚಿಟ್ಟ ಹಾವಿನ ಪೊರೆಗಳು ಹೊರಬರುತ್ತಿದ್ದವು. ಬರ್ಮಾದ ಹೆಬ್ಬಾವಿನ ಪೊರೆ ಕಂಬದಿಂದ ಕಂಬಕ್ಕೆ ಮುಟ್ಟುತ್ತಿತ್ತು. "ಮಲಯದಾಗ ಮರದಿಂದ ಮರಕ್ಕ ತೇಲೋ ಹಾವು ಅವ. ಆಫ್ರಿಕಾದಾಗ ಕಣ್ಣಿಗೇ ವಿಷ ಉಗುಳೋವು. ಸಮುದ್ರದ ಹಾವಿಂದು ಬಾಲ ದೋಣಿ ಹುಟ್ಟಿನಂಗ ಚಪ್ಪಟಿ. ಹಾವೇ ಇಲ್ಲದ ದ್ವೀಪಾನೂ ಅವ ನೋಡ್ರಿ," ಎನ್ನುತ್ತಿದ್ದ. ನಾನು ಟ್ರಂಕಿನ ಒಂದು ಬದಿಗೆ, ತಂಗಿ ಸರಸಿ ಇನ್ನೊಂದು ಬದಿಗೆ. ಕಾಕಾನ ಕಣ್ಣು ಹೆಚ್ಚಾಗಿ ಅವಳ ಬದಿಗೇ ಇರುತ್ತಿತ್ತು.

ಒಂದು ವರ್ಷ ಅಮೆರಿಕದ ಗಿಲಕಿ ಹಾವಿನ ಬಾಲದ ತುದಿ ತಂದ. ಒಣ ಅವರೆಕಾಯಿಯಂತಿತ್ತು, ಅಲ್ಲಾಡಿಸಿದರೆ ತರಗೆಲೆಯ ಸದ್ದು. "ಪಂಚಮಿ ದಿನ ಎಲ್ಲಾ ಹಾವಿನ ಹೆಸರು ಊರು ಸಹಿತ ಹೇಳಿದವರಿಗೆ ಇದು," ಎಂದ. ನನಗೆ ಗಿಲಕಿಗಿಂತ, ಕಾಕಾ ನನ್ನನ್ನು ಆರಿಸಿದ ಎಂಬುದು ಬೇಕಾಗಿತ್ತು. ಪಂಚಮಿಯ ಬೆಳಿಗ್ಗೆ ಒಂದೂ ತಪ್ಪಿಲ್ಲದೆ ಒಪ್ಪಿಸಿದೆ. ಸರಸಿ ಎರಡು ಹೆಸರು ಹೇಳಿ ನಕ್ಕುಬಿಟ್ಟಳು.

ಆಮೇಲೆ ಎಲ್ಲರೂ ಕಾಲುವೆ ದಂಡೆಯ ನಾಗರಕಲ್ಲಿಗೆ ಹೋದೆವು. ದೇವರ ಪಾಲು, ಅಪ್ಪನ ಪಾಲು, ಅಮ್ಮನ ಪಾಲು ಎಂದು ಮನೆಯವರೆಲ್ಲರ ಹೆಸರಲ್ಲಿ ಹಾಲೆರೆಯುವುದು ನಮ್ಮ ಕಡೆಯ ರೂಢಿ. ಸರಸಿ ಅಷ್ಟಕ್ಕೇ ನಿಲ್ಲಿಸಲಿಲ್ಲ. "ಆಫ್ರಿಕಾದ ಹಾವಿನ ಪಾಲು, ಸಮುದ್ರದ ಹಾವಿನ ಪಾಲು..."

"ಏ ಸರಸೀ, ಇರೋದು ಒಂದು ತಂಬಿಗಿ ಹಾಲು. ಲೋಕಕ್ಕೆಲ್ಲಾ ಹಂಚ್ತೀಯೇನ?" ಎಂದಳು ಅಜ್ಜಿ.

"ಅಲ್ಲಿ ಅವಕ್ಕ ಹಾಲು ಹಾಕೋರು ಯಾರಿದ್ದಾರಜ್ಜಿ? ಸಿಟ್ಟಾಗಿ ಕಾಕಾಗ ಕಚ್ಚಿದ್ರ?"

ಕಾಕಾ ನಕ್ಕ, ನಗುತ್ತಲೇ ಧೋತರದ ಅಂಚಿನಿಂದ ಕಣ್ಣೊರೆಸಿಕೊಂಡ. ಕಿಸೆಯಿಂದ ಗಿಲಕಿ ತೆಗೆದು ಅವಳ ಅಂಗೈಗೆ ಹಾಕಿದ. ಮನೆಗೆ ಮರಳುವಾಗ ನನ್ನ ತಲೆ ಸವರಿ, "ನೀ ಶಾಣ್ಯಾಕಿ. ನಿನಗ ಎಲ್ಲಾ ಬರ್ತದ. ಅಕಿಗೆ ಅದಾದ್ರೂ ಇರಲಿ ಬಿಡು," ಎಂದ. ತಲೆಯಾಡಿಸಿದೆ. ಸರಸಿ ಮುಂದೆ ಮುಂದೆ ಗಿಲಕಿ ಆಡಿಸುತ್ತ ನಡೆದಿದ್ದಳು. ಆ ಸದ್ದು ಕಾಲುವೆಗೆ ಬಿದ್ದು ತೇಲಿಹೋಗಲಿ ಎಂದು ಮನೆ ಮುಟ್ಟುವವರೆಗೂ ಬೇಡಿಕೊಂಡೆ.

ಯುದ್ಧದ ದಿನಗಳಲ್ಲಿ ರಂಗೂನಿನ ಕಡೆ ಹೋದ ಕಾಕಾ ತಿರುಗಿ ಬರಲಿಲ್ಲ. ಅಜ್ಜಿಯೂ ಈಗಿಲ್ಲ, ಆ ಪಡಸಾಲೆ ಬೇರೆಯವರದು. ಇಂಥದೊಂದು ಮನೆ ನಿಮಗೂ ಇದ್ದಿರಬಹುದು. ಕಾಕಾ ಇಲ್ಲವೆಂಬ ಸುದ್ದಿ ತಿಳಿದು ಸರಸಿ ಕಂಪ್ಲಿಯ ಅತ್ತೆಮನೆಯಿಂದ ಅದೇ ಪಡಸಾಲೆಗೆ ಬಂದಿದ್ದಳು. ಓಣಿಯ ಹೆಂಗಸರು ನನ್ನನ್ನು ದಾಟಿ ಹೋಗಿ ಅವಳ ಸುತ್ತ ಕುಳಿತರು. "ನೀ ಅಂದ್ರ ಅವರಿಗೆ ಜೀವ ಆಗಿತ್ತಲ್ಲವ್ವಾ," ಎಂದು ಅವಳ ಬೆನ್ನು ಸವರಿದರು. ಸುಳ್ಳೇನಲ್ಲ. ಆ ದಿನ ನಾನು ಅತ್ತೆನೋ ಇಲ್ಲವೋ, ನೆನಪಿಲ್ಲ. ಬಂದವರಿಗೆಲ್ಲ ಕುಡಿಯಲು ನೀರು ತಂದುಕೊಟ್ಟದ್ದು ನೆನಪಿದೆ.