ಸಂದಿ ಬಿಡದ ಕೈ

ಯುದ್ಧಕಾಲದಲ್ಲಿ ರೇಷ್ಮೆ ಸಿಗದೆ ಕೊಳ್ಳೇಗಾಲದ ನನ್ನ ಮಾವ ಗುರುಸ್ವಾಮಿಯ ಮಗ್ಗ ನಿಂತಿತು. ಕಾಮಗೆರೆಯ ಆಚೆ ಬಂದೂಕಿನ ಗುಂಡಿನ ವೇಗ ಅಳೆಯುತ್ತಿದ್ದ ಕ್ಯಾಪ್ಟನ್ ಒಬ್ಬರು ಎರಡು ಚೌಕಟ್ಟಿಗೆ ತಂತಿ ಸುತ್ತಲು ಅವನನ್ನು ಕರೆದರು. ಗುಂಡು ಒಂದೊಂದೇ ಚೌಕಟ್ಟಿನ ತಂತಿ ಕಡಿದಾಗ ಕರೆಂಟು ನಿಂತು, ಯಂತ್ರ ಆ ಕ್ಷಣ ಗುರುತಿಸಬೇಕಿತ್ತು; ಎರಡು ಕ್ಷಣಗಳ ನಡುವಿನ ಅಂತರದಿಂದ ವೇಗದ ಲೆಕ್ಕ.

“ಎಳೆಗೆ ಎಳೆ ತಾಗಬಾರದಪ್ಪ, ಸಂದಿ ಬಿಡು,” ಎಂದರು ಕ್ಯಾಪ್ಟನ್. ಮಾವ ಹೂಂ ಅಂದ. ಆದರೆ ಸಂದಿ ಬಿಟ್ಟು ನೇಯ್ದವನ ಮುಖಕ್ಕೆ ನಮ್ಮ ಬೀದಿಯಲ್ಲಿ ಉಗಿಯುತ್ತಾರೆ. ಮೂವತ್ತು ವರ್ಷ ನೇಯ್ದ ಆ ದರಿದ್ರ ಕೈ ತಂತಿಯನ್ನೂ ಒತ್ತೊತ್ತಾಗಿಯೇ ಸುತ್ತಿತು. ಗುಂಡು ಒಂದೆಳೆ ಕಡಿದರೂ ತಾಗಿಕೊಂಡಿದ್ದ ಪಕ್ಕದ ಎಳೆ ಕರೆಂಟು ದಾಟಿಸಿತು. ಯಂತ್ರಕ್ಕೆ ಏನೂ ತಿಳಿಯಲಿಲ್ಲ. ಮೂರು ಸಲ ಹೀಗಾದ ಮೇಲೆ ಕ್ಯಾಪ್ಟನ್ ಅವನನ್ನು ಕಳಿಸಿಬಿಟ್ಟರು.

“ಏನಂದ್ರು?” ಎಂದಳು ಅತ್ತೆ.

ಮಾವ ಬರಿ ಮಗ್ಗದ ಮುಂದೆ ಕೂತ. “ಎಲ್ಲೂ ಒಂದು ಸಂದೀನೂ ಇಲ್ಲ ಅಂದ್ರು. ಇನ್ನು ಬರಬ್ಯಾಡ ಅಂದ್ರು.”