ತಾಯಿಗೆ ತುಂಬಿದ ಉಡಿ

ಬೂಷ್ಟು ಹಿಡಿದ ರೊಟ್ಟಿಯನ್ನು ನಾವು ನೀವು ಎಸೆಯುತ್ತೇವೆ. ಮಾಳವ್ವ ಆರು ವರ್ಷ ಬೂಷ್ಟನ್ನೇ ಸಾಕಿದಳು. ತಾರಿಹಾಳದಲ್ಲಿ ಶಿವಯೋಗೀಶನ ಸಣ್ಣ ಕಾರ್ಖಾನೆಯೊಂದಿದೆ. ಅಲ್ಲಿ ಕುದಿಸಿದ ಜೋಳದ ಮೇಲೆ ಟ್ರೈಕೋಡರ್ಮಾ ಎಂಬ ಹಸಿರು ಶಿಲೀಂಧ್ರವನ್ನು ಚೀಲಗಳಲ್ಲಿ ಬೆಳೆಸುತ್ತಾರೆ. ಅದರ ಪುಡಿ ಹಚ್ಚಿ ಕಡಲೆ ಬಿತ್ತಿದರೆ ಬೇರು ಕೊಳೆಯುವುದು ಕಡಿಮೆ, ವಿಷದ ಔಷಧಿಯ ಹಂಗಿಲ್ಲ. ಎಲ್ಲದಕ್ಕೂ ಮೂಲ ಗಾಜಿನ ಸೀಸೆಯಲ್ಲಿರುವ ಶುದ್ಧ ತಳಿ. ಅದಕ್ಕೆ ಅಲ್ಲಿ 'ತಾಯಿ' ಎನ್ನುತ್ತಾರೆ.

ತಾಯಿಯ ಕೋಣೆ ಮಾಳವ್ವನದು. ಕೆಟ್ಟ ಚೀಲ ಯಾವುದೆಂದು ಮೂಸಿಯೇ ಹೇಳುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಯಾರ ಮನೆಯ ಶುಭಕಾರ್ಯದಲ್ಲೂ ಅವಳಿಗೆ ಜಾಗವಿರಲಿಲ್ಲ. ಈ ಕೋಣೆಯಲ್ಲಿ ಮಾತ್ರ ಅವಳ ಕೈಯೇ ಬೇಕಿತ್ತು.

ಖಂಡೆ ಪೂಜೆಯ ದಿನ, ಅಂದರೆ ಆಯುಧಪೂಜೆಯಂದು, ಶಿವಯೋಗೀಶನ ಹೆಂಡತಿ ಸೌಂದರ್ಯಾ ಬಂದಳು. ತಾಯಿ ಎಂದ ಮೇಲೆ ಉಡಿ ತುಂಬದೆ ಬಿಡುವುದುಂಟೇ? ಮಾಳವ್ವ ಅಡ್ಡ ನಿಂತಳು.

"ಅಕ್ಕಾರ, ಬಿರಡಿ ತೆಗೀಬ್ಯಾಡ್ರಿ. ಹೊರಗಿನ ಗಾಳಿ ತಾಗಿದ್ರೂ ಕೆಡತೈತ್ರಿ."

"ಉಡಿ ತುಂಬೂ ಹೊತ್ತಿನ್ಯಾಗ ನೀ ಇಲ್ಲಿ ನಿಂದರಬಾರದು. ಹೊರಗ ನಡಿ," ಎಂದಳು ಸೌಂದರ್ಯಾ.

ಯಾಕೆಂದು ಬಿಡಿಸಿ ಹೇಳಬೇಕಿರಲಿಲ್ಲ. ಮಾಳವ್ವ ಹೊರಗೆ ಹೋದಳು. ಒಳಗೆ ಸೌಂದರ್ಯಾ ಸೀಸೆಯ ಬಿರಡೆ ತೆಗೆದು ಅಕ್ಕಿ, ಅರಿಷಿಣ ಹಾಕಿದಳು.

ನಾಲ್ಕೇ ದಿನಕ್ಕೆ ತಾಯಿ ಕರ್ರಗಾಗಿ ನಾರಿತು. ಹಿಂಗಾರಿ ಬಿತ್ತನೆಯ ಹೊತ್ತಿಗೇ ಕೆಲಸ ನಿಂತಿತು. 'ಗಂಡನ್ನ ತಿಂದಾಕಿ ಕೈ' ಎಂದು ಕೆಲಸದವರು ಗುಸುಗುಸು ಆಡಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ, ಇನ್ನೇನು! ಶಿವಯೋಗೀಶ ಸೀಸೆ ಎತ್ತಿ ನೋಡಿದ. ಅಕ್ಕಿಕಾಳು ಕಂಡವು. ಮಾಳವ್ವನೊಬ್ಬಳನ್ನೇ ಒಳಗೆ ಕರೆದ.

"ಮನ್ಯಾಕಿ ಹೆಸರು ಹೊರಗ ಬರಬಾರದು, ಮಾಳವ್ವಾ. 'ನನ್ನ ಕೈಲೆ ತಪ್ಪಾತು' ಅಂತ ನಾಕ ಮಂದಿ ಮುಂದ ಅಂದಬಿಡು. ನಿನ್ನ ಖೋಲಿ ನಿನಗ ಇರತೈತಿ."

ತಪ್ಪು ತನ್ನದಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೆ ಆ ಕೋಣೆ ಬಿಟ್ಟರೆ ಜಗತ್ತಿನಲ್ಲಿ ಅವಳದೆನ್ನುವುದು ಇನ್ನೇನಿತ್ತು? ಎಲ್ಲರ ಮುಂದೆ ತಲೆ ತಗ್ಗಿಸಿ ಹಾಗೆಯೇ ಅಂದಳು.

ವಾರದ ಮೇಲೆ ಧಾರವಾಡದಿಂದ ಹೊಸ ತಾಯಿ ಬಂತು. ಮಾಳವ್ವ ಕೈ ತೊಳೆದುಕೊಂಡು ಓಡೋಡಿ ಹೋದರೆ, ಶಿವಯೋಗೀಶ ಬಾಗಿಲಲ್ಲೇ ತಡೆದ.

"ನೀ ಇನ್ನ ಚೀಲಾ ಹೊಲ್ಯೂ ಕೆಲಸಕ್ಕ ಹೋಗು."

"ಹಂಗ ಅನ್ನು ಅಂತ ನೀವ ಹೇಳಿದ್ರಲ್ರೀ, ಧಣ್ಯಾರ!"

"ಖರೇ. ಆದ್ರ ಎಲ್ಲಾರೂ ಕೇಳ್ಯಾರಲ್ಲ? ತಪ್ಪು ಒಪ್ಪಿಕೊಂಡಾಕಿ ಕೈಯಾಗ ಮತ್ತ ತಾಯೀನ ಕೊಟ್ರ ಮಂದಿ ಏನಂದಾರು?"